ಒಂದೂಕಾಲು ಗಂಟೆಯ ಕೆಂಪು ದೀಪ

ಕಣ್ಣಾಸ್ಪತ್ರೆಯ ಟೆಕ್ನಿಷಿಯನ್ ರಿಪೇರಿ ಅತ್ತೆಯ ಅಂಗಡಿಗೆ ಬಂದಾಗ ಬೆಳಿಗ್ಗೆ ಒಂಬತ್ತೂ ಆಗಿರಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು. ಮೂಲೆಯಲ್ಲಿ ಪೆನ್ಸಿಲ್ ಚೂಪು ಮಾಡುತ್ತ ಕೂತಿದ್ದ ಡ್ರಾಯಿಂಗ್ ಮೇಷ್ಟ್ರಿಗೆ ಅದನ್ನು ನೋಡಿಯೇ ಎದೆ ಧಸಕ್ಕೆಂದಿತು. ಮೇಷ್ಟ್ರ ಎದೆ ಧಸಕ್ಕೆನ್ನಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ ಬಿಡಿ, ಕುಕ್ಕರ್ ಕೂಗಿದರೂ ಸಾಕಿತ್ತು. ಆದರೂ ಶಾಲೆಯಿಂದ ನಿವೃತ್ತರಾದ ಮೇಲೆ ಅಕ್ಕನ ಉಪಕರಣದ ಚೀಲ ಹೊತ್ತು ಅವಳು ಹೋದಲ್ಲೆಲ್ಲ ಹೋಗುತ್ತಿದ್ದವರು ಅವರೇ. ಅಕ್ಕ ಕಂಪ್ಯೂಟರ್ ರಿಪೇರಿಯವಳು. ಬೀದಿಯವರೆಲ್ಲ ಅವಳನ್ನು ರಿಪೇರಿ ಅತ್ತೆ ಎನ್ನುತ್ತಿದ್ದರು. ಕೆಟ್ಟ ಯಂತ್ರದ ಹಿಂದೆ ಅವಿತ ಮನುಷ್ಯರನ್ನು ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ.

“ಅತ್ತೆ, ಸಂಜೆ ಐದಕ್ಕೆ ನನ್ನನ್ನ ಪೊಲೀಸರಿಗೆ ಒಪ್ಪಿಸ್ತಾರಂತೆ,” ಎಂದಳು ಟೆಕ್ನಿಷಿಯನ್. “ಕಣ್ಣಿನ ಫೋಟೋ ತೆಗೆಯೋ ಕಂಪ್ಯೂಟರಲ್ಲಿ ಖಾಲಿ ಜಾಗ ದಿನಾ ಕರಗ್ತಾ ಇದೆ. ನಾನು ರೋಗಿಗಳ ಫೋಟೋ ಕದ್ದು ಬಚ್ಚಿಟ್ಟು ಯಾರಿಗೋ ಸಾಗಿಸ್ತಿದೀನಿ ಅಂತ ಡಾಕ್ಟರಮ್ಮನ ಅನುಮಾನ. ನಾನು ಬೇಡದ್ದನ್ನೆಲ್ಲ ಅಳಿಸಿದೆ, ಕಸದ ಬುಟ್ಟೀನೂ ಖಾಲಿ ಮಾಡಿದೆ. ಊಹೂಂ!”

ಅವಳು ಚೀಟಿಯೊಂದನ್ನು ಮುಂದಿಟ್ಟಳು. ಕಳೆದ ವಾರದಿಂದ ದಿನಕ್ಕೆಷ್ಟು ಜಾಗ ಹೋಯಿತೆಂದು ಅದರಲ್ಲಿ ಬರೆದಿತ್ತು. ಎಂಟು ಜಿಬಿ, ಹದಿನಾರು, ಮೂವತ್ತೆರಡು, ಅರವತ್ತನಾಲ್ಕು, ನಿನ್ನೆ ನೂರ ಇಪ್ಪತ್ತೆಂಟು.

“ದಿನದ ಫೋಟೋಗಳು ಎಷ್ಟಾಗ್ತವೆ?”

“ಒಂದು ಜಿಬಿಯ ಮೂವತ್ತರಲ್ಲೊಂದು ಪಾಲೂ ಆಗಲ್ಲ. ವರ್ಷದ ಫೋಟೋಗಳೆಲ್ಲ ಸೇರಿದ್ರೂ ಎಂಟೇ ಇದ್ದದ್ದು.” ಅವಳು ದನಿ ತಗ್ಗಿಸಿದಳು. “ಇನ್ನೊಂದು ವಿಷಯ. ನಾನಿಲ್ಲದಾಗ ಯಾರೋ ಆ ಕೋಣೆಗೆ ಬಂದು ಕೂತು ಹೋಗ್ತಾರೆ. ರೋಗಿ ಗಲ್ಲ ಇಡೋ ಪಟ್ಟೀನ ಶನಿವಾರ ಮೇಲಕ್ಕೆತ್ತಿಟ್ಟು ಹೋಗ್ತೀನಿ. ಸೋಮವಾರ ಬಂದ್ರೆ ಕೆಳಗಿಳಿದಿರುತ್ತೆ. ನಾಲ್ಕು ತಿಂಗಳಿಂದ ಹೀಗೇ.”

ಮೇಷ್ಟ್ರ ಪೆನ್ಸಿಲ್ಲಿನ ಮೊನೆ ಪಟಕ್ಕನೆ ಮುರಿಯಿತು.

ಆಸ್ಪತ್ರೆ ಚಿಕ್ಕದು. ಡಾಕ್ಟರಮ್ಮ, ಟೆಕ್ನಿಷಿಯನ್, ಚೀಟಿ ಬರೆಯುವ ಕೌಂಟರ್ ಅಣ್ಣ, ಇಷ್ಟೇ ಜನ. ಡಾಕ್ಟರಮ್ಮ ಗಿಡ್ಡನೆಯ, ಗಡಸು ಮಾತಿನ ಹೆಂಗಸು. ಅತ್ತೆ ಕೊಟ್ಟ ಅಂಕಿಗಳ ಚೀಟಿಯನ್ನು ಅವರು ತೆಗೆದುಕೊಂಡು, ಮುಖವನ್ನು ಒಂದು ಬದಿಗೆ ಓರೆ ಮಾಡಿ ಒಂದು ಕ್ಷಣ ಹಿಡಿದು, ವಾಪಸು ಕೊಟ್ಟರು.

“ಇದನ್ನೆಲ್ಲ ಓದೋಕೆ ನನಗೆ ಪುರುಸೊತ್ತಿಲ್ಲ. ಐದು ಗಂಟೆವರೆಗೆ ಟೈಮ್ ಇದೆ, ನೋಡಿ.”

ಕೌಂಟರ್ ಅಣ್ಣ ಮಾತಿಗೆ ಮಾತು ಸೇರಿಸುವ ಆಸಾಮಿ. “ಮೇಡಂ ಮೊದಲು ಹೀಗಿರಲಿಲ್ಲ,” ಎಂದ. “ನಾಲ್ಕು ತಿಂಗಳಿಂದ ಆಪರೇಷನ್ನೇ ಮಾಡ್ತಿಲ್ಲ, ಎಲ್ಲರನ್ನೂ ಬೇರೆ ಆಸ್ಪತ್ರೆಗೆ ಕಳಿಸ್ತಾರೆ. ಊಟಕ್ಕೆ ಒಂದು ಗಂಟೆಗೆ ಬಾಗಿಲು ಹಾಕ್ತೀವಿ. ಬೀಗದ ಕೈ ಇರೋದು ನನ್ನ ಹತ್ತಿರ, ಮೇಡಂ ಹತ್ತಿರ, ಅಷ್ಟೇ.”

ಜಾಗ ಕರಗುವುದು ಯಾವ ಹೊತ್ತಿಗೆ ಎಂದು ಅತ್ತೆ ಕೇಳಿದಳು. ಊಟಕ್ಕೆ ಹೋಗುವಾಗ ಇದ್ದದ್ದು ಬರುವಷ್ಟರಲ್ಲಿ ಇರುವುದಿಲ್ಲ ಎಂದಳು ಟೆಕ್ನಿಷಿಯನ್.

“ಹಾಗಾದ್ರೆ ಇವತ್ತು ಎಲ್ಲರೂ ಒಟ್ಟಿಗೆ ಊಟಕ್ಕೆ ಹೋಗೋಣ,” ಎಂದಳು ಅತ್ತೆ. “ನನ್ನ ತಮ್ಮ ಒಬ್ಬ ಕಂಪ್ಯೂಟರ್ ಮುಂದೆ ಇರ್ತಾನೆ.”

“ನಾನಾ? ಒಬ್ಬನೇನಾ?” ಎಂದರು ಮೇಷ್ಟ್ರು.

“ಏನು ಕಂಡರೂ ಹಾಗೇ ಚಿತ್ರ ಬರೆದಿಡು. ನಿನ್ನ ಕೈ ನಡುಗಿದರೂ ಗೆರೆ ನಡುಗಲ್ಲ ಅಂತ ನನಗೆ ಗೊತ್ತು.”

ಹೊರಗೆ ಬೀಗ ಬಿದ್ದ ಸದ್ದು ಕೇಳಿತು. ಕಣ್ಣಿನ ಫೋಟೋ ತೆಗೆಯುವ ಕೋಣೆಗೆ ಕಿಟಕಿಯಿಲ್ಲ. ಹಾಡಹಗಲಲ್ಲೇ ಅಲ್ಲಿ ಕಗ್ಗತ್ತಲು. ಕಂಪ್ಯೂಟರ್ ಪರದೆಯ ಮಂದ ಬೆಳಕಲ್ಲಿ ಗಲ್ಲದ ಪಟ್ಟಿ, ಹಣೆ ಒತ್ತುವ ಕಂಬಿ, ಎದುರಿಗೊಂದು ಖಾಲಿ ಕುರ್ಚಿ. ಆ ಕುರ್ಚಿಯಲ್ಲಿ ಯಾರೋ ಕೂತಿದ್ದಾರೆಂದು ಮೇಷ್ಟ್ರಿಗೆ ಮೂರು ಸಲ ಅನ್ನಿಸಿತು. ಮೂರು ಸಲವೂ ಅವರು ಗಡಿಯಾರ ನೋಡಿದರು.

ಸರಿಯಾಗಿ ಒಂದೂಕಾಲಿಗೆ ಕಂಪ್ಯೂಟರ್ ಕರ್ ಕರ್ ಎಂದಿತು. ಅದರ ಮುಂದಿನ ಕೆಂಪು ದೀಪ ತನ್ನಷ್ಟಕ್ಕೆ ಮಿಟುಕತೊಡಗಿತು. ಕೀಲಿಮಣೆಯ ಮೇಲೆ ಯಾರ ಬೆರಳೂ ಇರಲಿಲ್ಲ. ಮೇಷ್ಟ್ರು ಓಡೋಣವೆಂದರೆ ಬಾಗಿಲಿಗೆ ಬೀಗ. ಬೇರೆ ದಾರಿಯಿಲ್ಲದೆ ಅವರು ಹಾಳೆ ಬಿಡಿಸಿ ಬರೆದರು: ಮಿಟುಕುವ ಕೆಂಪು ದೀಪ, ಯಂತ್ರದ ಹಿಂದಕ್ಕೆ ಸಿಕ್ಕಿಸಿದ್ದ ಅಂಗೈಯಷ್ಟು ಪುಟ್ಟ ಡಿಸ್ಕ್, ಅದರ ಮೈಮೇಲೆ ಉರಿಯದೆ ಸುಮ್ಮನಿದ್ದ ಇನ್ನೊಂದು ದೀಪ. ಕೊನೆಗೆ ಜಾಗ ಸಾಲದು ಎಂಬ ಸೂಚನೆ ಪರದೆಯ ಮೇಲೆ ಬಂದು ನಿಂತಿತು. ಅವರಿಗೆ ಅಳುವೇ ಬಂದಿತ್ತು.

ನಾಲ್ಕಕ್ಕೆ ಎಲ್ಲರೂ ರೋಗಿಗಳು ಕಾಯುವ ಬೆಂಚುಗಳ ಮೇಲೆ ಸೇರಿದರು. ಟೆಕ್ನಿಷಿಯನ್ ಸೆರಗಿನ ತುದಿಯನ್ನು ಹಿಂಡುತ್ತ ಕೂತಿದ್ದಳು. ಅತ್ತೆ ತಮ್ಮನ ಚಿತ್ರವನ್ನು ಗೋಡೆಗೆ ಅಂಟಿಸಿದಳು.

“ಒಂದೂಕಾಲಿಗೆ ನಾವೆಲ್ಲ ಒಂದೇ ಮೇಜಿನ ಮುಂದೆ ಊಟ ಮಾಡ್ತಿದ್ವಿ. ಅಂದ್ರೆ ಆ ಹೊತ್ತಿಗೆ ಯಾರೂ ಕದೀತಿಲ್ಲ. ಯಾರೋ ಮೊದಲೇ ಹೇಳಿಟ್ಟ ಕೆಲಸವನ್ನ ಯಂತ್ರ ತಾನಾಗೇ ಮಾಡ್ತಿದೆ. ಏನು ಕೆಲಸ ಅನ್ನೋದನ್ನ ಈ ಹುಡುಗಿಯ ಚೀಟಿಯೇ ಹೇಳುತ್ತೆ. ಎಂಟು, ಹದಿನಾರು, ಮೂವತ್ತೆರಡು. ದಿನಾ ಎರಡರಷ್ಟು. ಕಳ್ಳರು ಹೀಗೆ ಲೆಕ್ಕ ಇಟ್ಟು ಕದಿಯಲ್ಲ. ನಕಲು ಮಾಡಿದ್ರೆ ಮಾತ್ರ ಹೀಗಾಗುತ್ತೆ. ಡಿಸ್ಕಿನಲ್ಲಿರೋ ಫೋಟೋಗಳನ್ನೆಲ್ಲ ಅದೇ ಡಿಸ್ಕಿನೊಳಗೆ ನಕಲು ಮಾಡಿದ್ರೆ, ನಾಳೆ ಅಸಲಿನ ಜೊತೆ ಇವತ್ತಿನ ನಕಲೂ ನಕಲಾಗುತ್ತೆ. ನಾಳಿದ್ದು ಅದೆಲ್ಲದರ ನಕಲು. ಕ್ಷೌರದಂಗಡಿಯ ಎದುರುಬದುರು ಕನ್ನಡಿ ಇದ್ದಹಾಗೆ.”

“ಅಯ್ಯೋ, ಅಂಥ ನಕಲು ನನಗೆಲ್ಲೂ ಕಾಣಲಿಲ್ಲವಲ್ಲ!” ಎಂದಳು ಟೆಕ್ನಿಷಿಯನ್.

“ನಿನಗೆ ಕಾಣಲ್ಲ. ಬೇರೆಯವರ ಪಾಸ್‌ವರ್ಡಿನ ಹಿಂದೆ ಇದೆ.” ಅತ್ತೆ ಚಿತ್ರದತ್ತ ಬೆರಳು ಮಾಡಿದಳು. “ನಕಲು ಹೋಗಬೇಕಾದದ್ದು ಈ ಪುಟ್ಟ ಡಿಸ್ಕಿಗೆ. ಆದ್ರೆ ಇದರ ದೀಪ ಹತ್ತಲೇ ಇಲ್ಲ. ಆಯ್ಕೆ ಮಾಡೋ ಪಟ್ಟೀಲಿ ಎರಡು ಸಾಲು ಇರುತ್ತೆ, ಸಣ್ಣ ಅಕ್ಷರ. ಮೇಲಿನದು ಕಂಪ್ಯೂಟರಿನ ಡಿಸ್ಕ್, ಕೆಳಗಿನದು ಇದು. ಮೇಲಿನದನ್ನ ಒತ್ತಿಬಿಟ್ಟಿದ್ದಾರೆ. ಕಳೆದ ವಾರ ಕಂಪ್ಯೂಟರಿನ ಡಿಸ್ಕಿನ ಬಗ್ಗೆ ಯಾರಾದ್ರೂ ಏನಾದ್ರೂ ಅಂದಿದ್ರಾ?”

“ನಾನೇ ಅಂದೆ,” ಎಂದಳು ಟೆಕ್ನಿಷಿಯನ್. “ಡಿಸ್ಕ್ ಹಳೇದಾಯ್ತು, ಯಾವತ್ತಾದ್ರೂ ಫೋಟೋ ಎಲ್ಲ ಹೋಗಿಬಿಡುತ್ತೆ ಅಂತ.”

“ಆ ಮಾತಿಗೆ ಹೆದರಿದವರು ಮಾಡಿದ ಕೆಲಸ ಇದು. ಬೀಗದ ಕೈ ಇರೋರು. ಗಲ್ಲದ ಪಟ್ಟಿ ತಗ್ಗಿಸಿಕೊಳ್ಳಬೇಕಾದಷ್ಟು ಗಿಡ್ಡ ಇರೋರು. ಸಣ್ಣ ಅಕ್ಷರ ಕಾಣದೆ ಇರೋರು.” ಕೌಂಟರ್ ಅಣ್ಣ ತನ್ನ ಉದ್ದನೆಯ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡ. ಅತ್ತೆ ಚಿತ್ರವನ್ನು ಕಿತ್ತು ಮಡಚಿದಳು. “ಯಂತ್ರದ ವಿಷಯ ಇಲ್ಲಿಗೆ ಮುಗೀತು. ಮುಂದಿನದು ಬೇರೆಯವರ ಸ್ವಂತ ಮಾತು. ಅದನ್ನ ನಾನು ಹೇಳಲ್ಲ.”

ಡಾಕ್ಟರಮ್ಮ ಎದ್ದು ನಿಂತರು, ಮತ್ತೆ ಕೂತರು.

“ನಾನೇ,” ಎಂದರು ಟೆಕ್ನಿಷಿಯನ್ ಕಡೆ ತಿರುಗಿ. ದನಿಯಲ್ಲಿ ಗಡಸು ಎಲ್ಲಿಯೂ ಇರಲಿಲ್ಲ. “ಎರಡೂ ಕಣ್ಣಲ್ಲಿ ನೋಟದ ನಡುವೆ ಬೂದಿ ಬಣ್ಣದ ಚುಕ್ಕೆ. ಯಾರನ್ನ ನೋಡಿದ್ರೂ ಮುಖ ಇರೋ ಕಡೆ ಅದೇ ಕಾಣುತ್ತೆ. ಭಾನುವಾರ ಬಾಗಿಲು ಹಾಕ್ಕೊಂಡು ನನ್ನ ಕಣ್ಣಿನ ಫೋಟೋ ನಾನೇ ತೆಗೀತಿದ್ದೆ, ಚುಕ್ಕೆ ಎಷ್ಟು ಬೆಳೀತು ಅಂತ ನೋಡೋಕೆ. ಅವು ಹೋಗಿಬಿಟ್ರೆ ಅಂತ ಹೆದರಿ ನಕಲಿಗೆ ಹಾಕಿದೆ. ಜಾಗ ಕರಗಿದಾಗ, ನೀನು ನನ್ನ ಫೋಲ್ಡರ್ ನೋಡಿ ಕದ್ದಿದೀಯ, ಊರಿಗೆಲ್ಲ ಹೇಳ್ತೀಯ ಅಂತ ಇನ್ನೂ ಹೆದರಿದೆ. ಕಣ್ಣು ಕಾಣದ ಕಣ್ಣಿನ ಡಾಕ್ಟರ್ ಹತ್ತಿರ ಯಾರು ಬರ್ತಾರೆ ಹೇಳು? ನಿನ್ನ ಹೆಸರಿಗೆ ಮಸಿ ಬಳಿಯೋಕೆ ಹೊರಟೆ. ತಪ್ಪಾಯ್ತು.”

ಟೆಕ್ನಿಷಿಯನ್ ಹಿಂಡುತ್ತಿದ್ದ ಸೆರಗನ್ನು ಬಿಟ್ಟು ತಲೆ ಎತ್ತಿದಳು. ಸಿಟ್ಟು ಅವಳ ಮುಖದಲ್ಲಿ ಬಂದದ್ದು ಮೇಷ್ಟ್ರಿಗೆ ಸ್ಪಷ್ಟವಾಗಿ ಕಂಡಿತು, ಪೂರ್ತಿ ಹೋದದ್ದು ಕಾಣಲಿಲ್ಲ. ಆದರೂ ಅವಳು ಎದ್ದು ಹೋಗಿ ಡಾಕ್ಟರಮ್ಮನ ಮುಂದೆ ಕೈ ಚಾಚಿದಳು.

“ಒಬ್ಬರೇ ತೆಗೆದುಕೊಂಡ್ರೆ ಫೋಟೋ ಅಲುಗಿರುತ್ತೆ ಮೇಡಂ. ಅಲುಗಿದ ಫೋಟೋ ನೋಡಿ ಎಷ್ಟು ಬೆಳೀತು ಅಂತ ಹೇಗೆ ಹೇಳ್ತೀರಿ? ಬನ್ನಿ.”

ಇಬ್ಬರೂ ಕತ್ತಲೆಯ ಕೋಣೆಗೆ ಹೋದರು. ಗಲ್ಲದ ಪಟ್ಟಿಯನ್ನು ಕೆಳಗಿಳಿಸುವ ಸದ್ದು ಹೊರಗೆ ಕೂತ ಮೇಷ್ಟ್ರಿಗೆ ಕೇಳಿಸಿತು.

“ಭಯ ಆಗ್ತಿದೆ ಕಣೇ,” ಎಂದಿತು ಡಾಕ್ಟರಮ್ಮನ ದನಿ.

“ನಾನಿದೀನಿ. ರೆಪ್ಪೆ ಬಡೀಬೇಡಿ.”

ಬಾಗಿಲ ಸಂದಿಯಲ್ಲಿ ಒಮ್ಮೆ ಬೆಳಕು ಹೊಳೆಯಿತು. ಗೋಡೆಯ ಗಡಿಯಾರದಲ್ಲಿ ಐದು ಗಂಟೆಯಾಗಿತ್ತು.