ಕಂಚಿನ ನವಿಲಿನ ಕೊರಳ ಗಂಟು

ಬಹಳ ಹಿಂದೆ, ಮೋಡಗಳು ಮಧ್ಯಾಹ್ನ ಕೆರೆಗಿಳಿದು ನೀರು ಕುಡಿದು ಹೋಗುತ್ತಿದ್ದ ಕಾಲದಲ್ಲಿ, ಮುಗಿಲಾವತಿ ಎಂಬ ರಾಜ್ಯವಿತ್ತು. ನಂಬದವರು ಆ ಕೆರೆಯನ್ನೇ ಕೇಳಬಹುದು. ಅದು ಈಗ ಇಲ್ಲ, ಆ ಮಾತು ಬೇರೆ.

ಅಲ್ಲಿ ಭಸ್ಮಕೇತು ಎಂಬ ಮಾಂತ್ರಿಕನ ಬಳಿ ಕಂಚಿನ ನವಿಲೊಂದಿತ್ತು. ಅರಮನೆಯ ಹತ್ತು ಸಾವಿರ ಕೈಗಳನ್ನು ನೋಡಿ ನೋಡಿ ಅದು ರೋಗ ಗುರುತಿಸಲು ಕಲಿತಿತ್ತು. ಎಷ್ಟೋ ಜನರನ್ನು ಉಳಿಸಿಯೂ ಇತ್ತು. ಆದರೆ 'ಗೊತ್ತಿಲ್ಲ' ಎಂಬ ಮಾತನ್ನು ಮಾಂತ್ರಿಕ ಅದರ ಕೊರಳಲ್ಲೇ ಗಂಟು ಹಾಕಿಟ್ಟಿದ್ದ. ನವಿಲು ಹೇಳಿದ್ದೇ ಕಡೆಯ ಮಾತೆಂದು ರಾಜ ಡಂಗುರ ಸಾರಿಸಿದ್ದ.

ನೀಲಿ ಬಣ್ಣ ಅದ್ದುವವರ ಕೇರಿಯ ಹಾಲಪ್ಪನ ಹೆಂಡತಿ ಕೆಂಚವ್ವನಿಗೆ ಒಂದು ಬೆಳಿಗ್ಗೆ ತಲೆ ಸುತ್ತಿತು. ಹೋಗಿ ನವಿಲಿಗೆ ತನ್ನ ನೀಲಿ ಕೈ ತೋರಿಸಿದಳು.

"ನೀಲಿ ನಂಜು. ಸಂಜೆಯೊಳಗೆ ಮರೆವಿನ ಹೊಳೆ ದಾಟಿಸಿ."

ಆ ಹೊಳೆ ದಾಟಿದವರು ಮನೆಯನ್ನು ಮರೆಯುತ್ತಿದ್ದರು, ಮನೆಯೂ ಅವರನ್ನು ಮರೆಯುತ್ತಿತ್ತು. ನನಗೇನೂ ಆಗಿಲ್ಲ ಎಂದು ಕೆಂಚವ್ವ ಎಷ್ಟು ಹೇಳಿದರೂ ಯಾರೂ ಕಿವಿಗೊಡಲಿಲ್ಲ.

ಹಾಲಪ್ಪ ಹೆಂಡತಿಯನ್ನು ಸೂಲಗಿತ್ತಿ ಯಲ್ಲಜ್ಜಿಯ ಬಳಿ ಕರೆದೊಯ್ದ. ಅಜ್ಜಿ ಏನು ತಿಂದೆ, ಏನು ಸೇರುತ್ತಿಲ್ಲ, ಮುಟ್ಟಾಗಿ ಎಷ್ಟು ದಿನವಾಯಿತು ಎಂದೆಲ್ಲ ಕೇಳಿ ನಕ್ಕಳು. "ಏ ಹಾಲ್ಯಾ, ನಿನ್ನ ಹೆಂಡತಿ ಬಸುರಿ ಕಣೋ. ಕೈ ನೀಲಿ ಇರೋದು ಕಾಯಿಲೆಯಲ್ಲ, ಕಸುಬು."

ಹಾಲಪ್ಪ ಬಣ್ಣದ ಗಡಿಗೆ ಹೊತ್ತು ಆಸ್ಥಾನಕ್ಕೆ ನಡೆದ. ಗಡಿಗೆಯೊಳಗೆ ಹಸಿರಾಗಿರುವ ಬಣ್ಣ ಗಾಳಿ ತಾಗಿದ ಮೇಲೆಯೇ ನೀಲಿಯಾಗುತ್ತದೆ. ಕೇರಿಗೆ ಇದು ಗೊತ್ತು, ಅರಮನೆಗೆ ಗೊತ್ತಿಲ್ಲ. ಇದರಲ್ಲಿ ಕೈ ಅದ್ದಿದರೆ ಪ್ರಾಯ ಮರಳುತ್ತದೆ ಎಂದು ಹಸಿ ಸುಳ್ಳು ಹೇಳಿದ. ಮೊದಲು ಮಂತ್ರಿ ಅದ್ದಿದ. ನವಿಲು, "ನೀಲಿ ನಂಜು, ಹೊಳೆ ದಾಟಿಸಿ." ಆಮೇಲೆ ಸೇನಾಪತಿ ಅದ್ದಿದ. "ನೀಲಿ ನಂಜು, ಹೊಳೆ ದಾಟಿಸಿ." ಕಡೆಗೆ ರಾಜ. ಅದೇ ಮಾತು. ಅಂಬಿಗರು ಬಂದು ಬಹಳ ವಿನಯದಿಂದ ರಾಜನ ರಟ್ಟೆ ಹಿಡಿದರು.

"ನನಗೇನೂ ಆಗಿಲ್ಲವಲ್ಲಪ್ಪಾ," ಎಂದ ರಾಜ.

"ನನ್ನ ಹೆಂಡತಿಯೂ ಅದನ್ನೇ ಹೇಳಿದಳು, ಮಹಾಪ್ರಭು. ಕೇಳುವವರಿರಲಿಲ್ಲ."

ಹಾಲಪ್ಪ ನವಿಲಿನ ಕತ್ತು ಸವರಿ ಮೆಲ್ಲಗೆ ಕೇಳಿದ: "ನಮ್ಮ ಕೇರಿಯ ಕೈ ನೀನು ಎಂದಾದರೂ ನೋಡಿದ್ದೆಯೇನವ್ವಾ?"

ನವಿಲಿನ ಗಂಟಲು ಒಮ್ಮೆ ಕಿರುಗುಟ್ಟಿತು, ಎರಡು ಸಲ ಕಿರುಗುಟ್ಟಿತು, ಮೂರನೆಯ ಸಲ ಗಂಟು ಬಿಚ್ಚಿತು.

"ನೋಡಿಲ್ಲ. ಗೊತ್ತಿಲ್ಲ."

ಆ ಮಾತು ಕಿವಿಗೆ ಬಿದ್ದದ್ದೇ ತಡ, ಭಸ್ಮಕೇತು ಹೊಗೆಯಾಗಿ ಕಿಟಕಿಯಿಂದ ಹೋದ. ಮರೆವಿನ ಹೊಳೆಯ ದೋಣಿಗಳು ದಾಟಿದವರನ್ನು ಹೊತ್ತು ತಾವಾಗಿಯೇ ಹಿಂದಿರುಗಿದವು. ಇಳಿದವರೆಲ್ಲ ತಮ್ಮ ತಮ್ಮ ಬಾಗಿಲನ್ನು ಗುರುತು ಹಿಡಿದರು.

ನವಿಲನ್ನು ಯಾರೂ ಒಡೆಯಲಿಲ್ಲ. ಅದು ಯಲ್ಲಜ್ಜಿಯ ಜಗಲಿಗೆ ಬಂತು. ನವಿಲು ತನಗೆ ತೋಚಿದ್ದು ಹೇಳುತ್ತಿತ್ತು, ಅಜ್ಜಿ ಕೇಳಬೇಕಾದ್ದನ್ನು ಕೇಳುತ್ತಿದ್ದಳು, ಹೆಚ್ಚುಕಡಿಮೆಯಾದರೆ ಅಜ್ಜಿಯೇ ಹೊಣೆ. ಕೆಂಚವ್ವನಿಗೆ ಹೆಣ್ಣು ಮಗುವಾಯಿತು. ರಾಜ್ಯವೆಲ್ಲ ಸುಖವಾಗಿತ್ತು. ರಾಜನ ಬಲಗೈ ಮಾತ್ರ ಬಹುಕಾಲ ನೀಲಿಯಾಗಿಯೇ ಇತ್ತು. ಹೊಸ ಡಂಗುರ ಸಾರಿಸುವ ಮುನ್ನ ಅವನು ಅದನ್ನೊಮ್ಮೆ ನೋಡಿಕೊಳ್ಳುತ್ತಿದ್ದನಂತೆ.