ಒಂಬತ್ತನೆಯ ಬ್ಯಾಟರಿ

ಮಂಗಳವಾರ ಸಂಜೆ ಐದು ಗಂಟೆ ಇಪ್ಪತ್ತೈದು ನಿಮಿಷಕ್ಕೆ, ಬಲಗೈಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದ ಐವತ್ತಾರು ವರ್ಷದ ತಕ್ಕಡಿ ರಿಪೇರಿಯವನೊಬ್ಬ ಠಾಣೆಗೆ ಬಂದು ಬೆಂಚಿನ ಅಂಚಿನಲ್ಲಿ ಕುಳಿತ. ಸಮಯ ಬರೆದುಕೊಂಡವನು ಹೆಡ್ ಕಾನ್ಸ್‌ಟೇಬಲ್. ಯಾರು ಸೀನಿದರೂ ಗಂಟೆ ನೋಡುವ ಅಭ್ಯಾಸ ಅವನದು. ಠಾಣೆಯಲ್ಲಿ ಅವನನ್ನು ಕರೆಯುತ್ತಿದ್ದುದೇ ಗಡಿಯಾರ ಎಂದು.

“ದೂರು ಯಾರ ಮೇಲೆ?” ಇನ್‌ಸ್ಪೆಕ್ಟರ್ ಕೇಳಿದರು.

“ಅದೇ ಗೊತ್ತಿಲ್ಲ ಸಾರ್. ನನ್ನ ಮೇಲೂ ಇರಬಹುದು.”

ಗಡಿಯಾರ ಪೆನ್ನು ಎತ್ತಿದ. “ಅದನ್ನ ಯಾವ ಕಾಲಂನಲ್ಲಿ ಬರೀಲಿ ಯಜಮಾನ್ರೇ?”

ತಕ್ಕಡಿಯವನು ನಗಲಿಲ್ಲ. ಅವನಿಗೆ ರಿಮೋಟ್ ಕಾರುಗಳ ಹುಚ್ಚು. ಅಂಗಳದ ಕೋಣೆಯಲ್ಲಿ ಅವುಗಳ ಬ್ಯಾಟರಿಗಳನ್ನು ಚಾರ್ಜ್ ಮಾಡುತ್ತಿದ್ದ. ಮಧ್ಯಾಹ್ನ ಎರಡೂವರೆಗೆ ಒಂದು ಅಂಗಡಿಯ ತಕ್ಕಡಿ ಸರಿಮಾಡಲು ಹೋದವನು ನಾಲ್ಕಕ್ಕೆ ವಾಪಸಾದಾಗ ಕೋಣೆಯ ಬಾಗಿಲು ತೆರೆದಿತ್ತು, ಮೇಜು ಉರಿಯುತ್ತಿತ್ತು. ಮರಳು ಸುರಿದು ಆರಿಸುವಾಗ ಕೈ ಬೆಂದಿತು.

“ಅಗ್ನಿಶಾಮಕದವರು ಏನಂದ್ರು?”

“ಚಾರ್ಜಿಗೆ ಹಾಕಿ ಮರೆತಿದ್ದೀರಿ ಅಂದ್ರು. ನನ್ನ ಹೆಂಡ್ತಿನೂ ಅದನ್ನೇ ಅಂತಾಳೆ. ಬೀಗ ಹಾಕೋದೂ ಮರೆತಿದ್ದೀರಿ ಅಂತಾಳೆ.” ಅವನು ಬೆಂದ ಕೈಯನ್ನು ನೋಡಿಕೊಂಡ. “ನಮ್ಮಮ್ಮನೂ ಈ ವಯಸ್ಸಿಗೇ ಮರೆಯೋಕೆ ಶುರು ಮಾಡಿದ್ಲು ಸಾರ್. ಮೊದ್ಲು ಒಲೆ ಮರೆತಳು. ಆಮೇಲೆ ನಮ್ಮನ್ನ. ನಾನು ಮರೆತಿದ್ರೆ ಮರೆತಿದ್ದೀಯ ಅಂತ ಹೇಳ್ಬಿಡಿ, ನಾಳೆಯಿಂದ ತಕ್ಕಡಿ ಮುಟ್ಟೋದಿಲ್ಲ. ಬೇರೆ ಯಾರಾದ್ರೂ ಮಾಡಿದ್ರೆ ಹಿಡೀರಿ. ಎರಡರಲ್ಲಿ ಒಂದು ನನಗೆ ಗೊತ್ತಾಗ್ಬೇಕು.”

ಮನುಷ್ಯ ಕಳ್ಳನಿಗೆ ಹೆದರುತ್ತಾನೆ, ಹಾವಿಗೆ ಹೆದರುತ್ತಾನೆ. ತನ್ನ ತಲೆಗೇ ಹೆದರಿ ಠಾಣೆಗೆ ಬಂದವನನ್ನು ಇನ್‌ಸ್ಪೆಕ್ಟರ್ ಕಂಡಿದ್ದು ಅದೇ ಮೊದಲು. ಆರು ಗಂಟೆ ಹತ್ತು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ.

ಬುಧವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಪಂಚನಾಮೆ. ಪಂಚರಾಗಿ ಬೀದಿಯ ಕ್ಷೌರಿಕನೂ ಹಾಲಿನಂಗಡಿಯವನೂ ಬಂದು ನಿಂತರು. ಅಂಗಳಕ್ಕೆ ಮೂರು ಬಾಗಿಲು: ತಕ್ಕಡಿಯವನ ಮನೆ, ಎದುರಿಗೆ ಅವನ ಅಕ್ಕನ ಹೊಲಿಗೆಯಂಗಡಿ, ನಡುವೆ ಸುಟ್ಟ ಕೋಣೆ. ಕೋಣೆಯ ಕೀಲಿ ಅಂಗಳದ ಕಂಬದ ಮೊಳೆಯಲ್ಲಿ ನೇತಾಡುತ್ತಿತ್ತು.

“ಕೀಲಿ ಇಲ್ಲಿರೋದು ಯಾರ್ಯಾರಿಗೆ ಗೊತ್ತು?”

“ಬೆಕ್ಕಿಗೂ ಗೊತ್ತು ಸಾರ್,” ಎಂದ ಕ್ಷೌರಿಕ.

ಒಳಗೆ ಮೇಜಿನ ಅರ್ಧ ಕರಿಯಾಗಿತ್ತು. ಗೋಡೆಯ ಕಪಾಟಿನಲ್ಲಿ ಚಾರ್ಜರ್ ಮಸಿ ಹಿಡಿದಿದ್ದರೂ ಒಡೆದಿರಲಿಲ್ಲ. ಮೇಲೆ ಒಂದು ಫೋಟೋ: ರಿಮೋಟ್ ಹಿಡಿದು ನಗುವ ಗಂಡಸು.

“ನಮ್ಮ ಭಾವ. ಅಕ್ಕನ ಯಜಮಾನ್ರು,” ಎಂದ ತಕ್ಕಡಿಯವನು. “ಈ ಹುಚ್ಚು ಹಚ್ಚಿದ್ದೇ ಅವರು. ಹೋದ ವರ್ಷ ತೀರಿಕೊಂಡ್ರು.”

“ನೀವು ಚಾರ್ಜ್ ಮಾಡೋ ಕ್ರಮ ಹೇಳಿ. ಬಿಡದೆ ಹೇಳಿ.”

ಆಗ ಅವನ ದನಿ ಗಟ್ಟಿಯಾಯಿತು. “ನಾವು ಚಾರ್ಜ್ ಅನ್ನೋದಿಲ್ಲ, ಊಟ ಹಾಕೋದು ಅಂತೀವಿ. ಊಟ ಮಾಡ್ತಿರೋ ಬ್ಯಾಟರಿ ಬಿಟ್ಟು ಎದ್ದು ಹೋಗಬಾರದು. ತಗಡಿನ ಡಬ್ಬಿಯೊಳಗೆ ಇಟ್ಟು ಹಾಕಬೇಕು, ಪಕ್ಕದಲ್ಲಿ ಮರಳು. ದಪ್ಪ ತಂತಿ ಜೊತೆಗೆ ಆ ಸಣ್ಣ ಬಿಳಿ ಪ್ಲಗ್ಗೂ ಹಾಕಬೇಕು, ಅದು ಒಂದೊಂದು ಸೆಲ್ಲಿಗೂ ಸಮ ಬಡಿಸುತ್ತೆ. ಊಟ ಆದ್ಮೇಲೆ ಬಿಚ್ಚಿ ಇಡಬೇಕು. ತಿಂಗಳುಗಟ್ಟಲೆ ಓಡಿಸದಿದ್ರೆ ಅರ್ಧ ಹೊಟ್ಟೆಯಲ್ಲಿ ಮಲಗಿಸಬೇಕು. ಪೂರ್ತಿ ಹಸಿವಿಗೆ ಬಿದ್ದದ್ದನ್ನ ಎಬ್ಬಿಸಬಾರದು. ಬಸುರಿಯಾದ್ರೆ ಮುಟ್ಟಲೇಬಾರದು, ಉಪ್ಪುನೀರಲ್ಲಿ ಮುಳುಗಿಸೋದೇ.”

“ಬ್ಯಾಟರಿ ಬಸುರಿಯಾಗತ್ತಾ?” ಗಡಿಯಾರ ಬರೆಯುವುದನ್ನು ನಿಲ್ಲಿಸಿದ.

“ಊದಿಕೊಂಡದ್ದಕ್ಕೆ ಹಾಗಂತೀವಿ. ಭಾವ ಇಟ್ಟ ಹೆಸರು. ನಮ್ಮ ಮನೆಯವರಿಗೆ ಬಿಟ್ಟು ಹೊರಗಿನವರಿಗೆ ತಿಳಿಯೋದಿಲ್ಲ.”

“ನಿಮ್ಮ ಹತ್ರ ಬ್ಯಾಟರಿ ಎಷ್ಟು?”

“ಎಂಟು.”

ಗಡಿಯಾರ ಮೂಲೆಯ ಕಬ್ಬಿಣದ ಪೆಟ್ಟಿಗೆ ತೆರೆದು ಎಣಿಸಿದ. ಮತ್ತೊಮ್ಮೆ ಎಣಿಸಿದ. ಎಂಟೂ ನಂಬರಿನ ಪ್ರಕಾರ ಸಾಲಾಗಿ ಮಲಗಿದ್ದವು, ಒಂದಕ್ಕೂ ಹೊಗೆಯ ವಾಸನೆ ಇರಲಿಲ್ಲ. ಮೇಜಿನ ಮೇಲೆ ಸುಟ್ಟು ಹಪ್ಪಳವಾಗಿದ್ದದ್ದು ಒಂಬತ್ತನೆಯದು.

ತಕ್ಕಡಿಯವನು ಗೋಡೆಗೆ ಒರಗಿ ನಿಂತ. ಅದು ಯಾರದ್ದೋ ಅವನಿಗೆ ತಿಳಿಯಲಿಲ್ಲ. ತಂದು ಮರೆತೆನೇ ಎಂದು ಹಣೆ ಒತ್ತಿಕೊಂಡ.

ಗುರುವಾರ ಹನ್ನೊಂದು ಗಂಟೆಗೆ, ಜಪ್ತಿ ಮಾಡಿದ್ದ ಚಾರ್ಜರನ್ನು ಪ್ರಯೋಗಶಾಲೆಯ ತಂತ್ರಜ್ಞ ಕರೆಂಟಿಗೆ ಜೋಡಿಸಿದ. ಪರದೆ ಬೆಳಗಿತು.

“ಕೊನೆಗೆ ಉಪಯೋಗಿಸಿದ ಕ್ರಮ ಇದರಲ್ಲಿ ಉಳಿದಿರುತ್ತೆ ಸಾರ್. ನೋಡಿ, ನಿಕ್ಕಲ್ ಬ್ಯಾಟರಿ ಅಂತಿದೆ. ಸುಟ್ಟಿರೋದು ಲಿಥಿಯಂ.”

“ಕೈತಪ್ಪಿ ಒತ್ತಿರಬಹುದಾ?”

“ಇಲ್ಲ. ಪೂರ್ತಿ ಖಾಲಿಯಾದ ಲಿಥಿಯಂ ಬ್ಯಾಟರಿಯನ್ನ ಚಾರ್ಜರ್ ಒಪ್ಪೋದಿಲ್ಲ, ಕೂಗಿ ನಿಂತುಬಿಡುತ್ತೆ. ಅದನ್ನ ಮೋಸ ಮಾಡೋಕೆ ಕೆಲವರು ನಿಕ್ಕಲ್ ಅಂತ ಸುಳ್ಳು ಹೇಳ್ತಾರೆ. ನಿಕ್ಕಲ್‌ಗೆ ಬಿಳಿ ಪ್ಲಗ್ ಬೇಡ, ಹಾಗಾಗಿ ಒಳಗಿನ ಲೆಕ್ಕ ಚಾರ್ಜರ್‌ಗೆ ಕಾಣಿಸೋದಿಲ್ಲ. ಎರಡು ನಿಮಿಷ ಎಬ್ಬಿಸಿ ನಿಲ್ಲಿಸ್ತೀನಿ ಅಂದ್ಕೋತಾರೆ. ಹಳಬರ ಕೆಟ್ಟ ಚಾಳಿ.”

ಮರೆವಿನವನು ಇಷ್ಟು ನೆನಪಿಟ್ಟು ತಪ್ಪು ಮಾಡಲಾರ. ಬಂದವನು ಈ ಕಸುಬನ್ನು ಯಾರ ಪಕ್ಕದಲ್ಲೋ ಕೂತು ಕಲಿತವನು. ಇನ್‌ಸ್ಪೆಕ್ಟರ್ ಇದನ್ನು ಯಾರಿಗೂ ಹೇಳಲಿಲ್ಲ. ಪ್ರತಿ ಭಾನುವಾರ ತಕ್ಕಡಿಯವನ ಜೊತೆ ಮೈದಾನದಲ್ಲಿ ಕಾರು ಓಡಿಸುವ ಐವರನ್ನೂ ವಿಚಾರಿಸಿದರು. ಮಂಗಳವಾರ ಮಧ್ಯಾಹ್ನ ಐವರೂ ತಂತಮ್ಮ ಕೆಲಸದ ಜಾಗದಲ್ಲಿದ್ದರು.

ಶುಕ್ರವಾರ ಹನ್ನೊಂದೂವರೆ. ಹೊಲಿಗೆಯಂಗಡಿಯಲ್ಲಿ ಅಕ್ಕ ಮಿಷನ್ ನಿಲ್ಲಿಸಿ ಎದ್ದಳು. ಅರವತ್ತೊಂದರ ಹೆಂಗಸು, ಕುತ್ತಿಗೆಯಲ್ಲಿ ಅಳತೆ ಟೇಪು.

“ಮಂಗಳವಾರ ಎಲ್ಲಿದ್ರಿ?”

“ಇಲ್ಲೇ. ಇನ್ನೆಲ್ಲಿಗೆ ಹೋಗ್ಲಿ?”

“ಬೆಂಕಿ ನೋಡ್ಲಿಲ್ವಾ?”

“ಮಿಷನ್ ಸದ್ದಲ್ಲಿ ಏನ್ ಕಾಣುತ್ತೆ ಸಾರ್?”

“ಸದ್ದಲ್ಲಿ ಕೇಳಿಸೋದಿಲ್ಲ ಸರಿ. ಕಾಣೋದೂ ಇಲ್ವಾ ತಾಯಿ?” ಎಂದ ಗಡಿಯಾರ.

“ನಿಮ್ಗೇನಪ್ಪ, ಕೂತು ಬರೀತೀರ.” ಅವಳು ಬಿದ್ದಿದ್ದ ಗುಂಡುಸೂಜಿಗಳನ್ನು ಆರಿಸತೊಡಗಿದಳು. “ಬ್ಯಾಟ್ರಿ ಗೀಟ್ರಿ ನನಗೆ ಗೊತ್ತಿಲ್ಲ. ನನ್ನದು ಸೂಜಿ ದಾರ.”

“ಸರಿ ಅಮ್ಮ,” ಎಂದರು ಇನ್‌ಸ್ಪೆಕ್ಟರ್. “ನಿಮ್ಮ ತಮ್ಮನೇ ಮರೆತಿದ್ದು ಅಂತ ಬರೆದು ಮುಗಿಸ್ತೀವಿ. ಅವರ ಹೆಂಡ್ತಿ ನಾಳೆ ನೆನಪಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾರಂತೆ.”

ಗುಂಡುಸೂಜಿಗಳು ಮತ್ತೆ ಚೆಲ್ಲಿದವು.

“ಅವನು ಮರೆಯೋನಲ್ಲ ಸಾರ್! ಹುಟ್ಟಿದಾಗಿಂದ ನೋಡಿದ್ದೀನಿ. ಪ್ರಾಣ ಹೋದ್ರೂ ಅವನು ಬಸುರಿಗೆ ಊಟ ಹಾಕೋನಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೊರಗೆ ಸೈಕಲ್ಲೊಂದು ಗಂಟೆ ಬಾರಿಸಿಕೊಂಡು ಹೋಯಿತು.

“ಸುಟ್ಟದ್ದು ಬಸುರಿ ಅಂತ ಯಾರು ಹೇಳಿದ್ರಮ್ಮ?” ಇನ್‌ಸ್ಪೆಕ್ಟರ್ ಮೆಲ್ಲಗೆ ಕೇಳಿದರು. “ನನಗೇ ಗೊತ್ತಿರಲಿಲ್ಲ.”

ಅವಳು ಕುತ್ತಿಗೆಯ ಟೇಪನ್ನು ತೆಗೆದು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಸುತ್ತಿದಳು. ಆಮೇಲೆ ಕತ್ತರಿಸುವ ಮೇಜಿನ ಕೆಳಗಿಂದ ಮೊಣಕೈಯುದ್ದದ ಒಂದು ಆಟದ ಲಾರಿಯನ್ನು ಎಳೆದು ಮುಂದಿಟ್ಟಳು.

“ನಮ್ಮ ಯಜಮಾನ್ರು ಆ ಕೋಣೆಯಲ್ಲಿ ಕೂತಿರೋರು, ನಾನು ಇಲ್ಲಿ. ದಾರ ಮುಗೀತು ಅಂತ ಕೂಗಿದ್ರೆ ಈ ಲಾರಿ ಮೇಲೆ ರೀಲು ಇಟ್ಟು ಅಂಗಳ ದಾಟಿಸಿ ಕಳಿಸೋರು. ಹಾರ್ನ್ ಬೇರೆ ಬಾಯಲ್ಲೇ ಮಾಡೋರು.” ಅವಳ ತುಟಿಯಲ್ಲಿ ನಗು ಬಂದು ಹೋಯಿತು. “ಕೊನೇ ದಿನ ಅವರು ಊಟ ಹಾಕಿಟ್ಟ ಬ್ಯಾಟರಿ ಅದು. ಹಳೇದೆಲ್ಲ ಉಪ್ಪುನೀರಲ್ಲಿ ಮುಳುಗಿಸು ಅಂತ ತಮ್ಮ ಅಂದ. ಮುಳುಗಿಸಿದೆ ಅಂತ ಸುಳ್ಳು ಹೇಳ್ದೆ. ಓಡಿಸಿದ್ರೆ ಅವರು ಹಾಕಿದ್ದು ಮುಗಿದುಹೋಗುತ್ತಲ್ಲ ಅಂತ ಮುಟ್ಟಲೇ ಇಲ್ಲ. ಮುಟ್ಟದೇ ಇದ್ದು ಇದ್ದು ಅದೇ ಊದಿಕೊಂಡು ಸತ್ತುಹೋಗಿತ್ತು. ಒಂದ್ಸಲ ಎಬ್ಬಿಸೋಣ ಅಂತ ಹೋದೆ.”

“ನಿಕ್ಕಲ್ ಉಪಾಯ ಯಾರು ಕಲಿಸಿದ್ದು?”

“ಅವರು ಮಾಡೋದನ್ನ ನೋಡಿದ್ದೆ. ಅವರು ಕೈಗಡಿಯಾರ ನೋಡ್ಕೊಂಡು ಎರಡು ನಿಮಿಷಕ್ಕೆ ತೆಗೆಯೋರು. ಅಂಗಡಿಗೆ ಗಿರಾಕಿ ಬಂದ್ರು, ನಾನು ಎದ್ದು ಬಂದೆ. ರವಿಕೆ ಅಳತೆ ತಗೊಂಡು ತಿರುಗಿದ್ರೆ ಹೊಗೆ. ಹೆದರಿ ಅಂಗಡಿ ಬಾಗಿಲು ಹಾಕ್ಕೊಂಡೆ. ಅವನ ಕೈ ಸುಟ್ಟ ಮೇಲೆ ಹೇಳೋಕೆ ಬಾಯೇ ಬರಲಿಲ್ಲ.”

ಹನ್ನೆರಡು ಐವತ್ತಕ್ಕೆ ಮಹಿಳಾ ಕಾನ್ಸ್‌ಟೇಬಲ್ ಸಮ್ಮುಖದಲ್ಲಿ ಬಂಧನದ ಪತ್ರಕ್ಕೆ ಸಹಿಯಾಯಿತು. ಜಾಮೀನು ಸಿಗುವ ಕಲಮು. ಸಂಜೆಯೊಳಗೆ ಮನೆಗೆ ಬರಬಹುದಿತ್ತು. ಸುದ್ದಿ ತಿಳಿದು ತಕ್ಕಡಿಯವನು ಅಂಗಡಿಯ ಬಾಗಿಲಿಗೆ ಬಂದು ನಿಂತ.

“ಹಾಗಾದ್ರೆ ನಾನು ಮರೆತಿರಲಿಲ್ಲ,” ಎಂದ. ಮುಖದಲ್ಲಿ ಬೆಳಕು ಬಂತು. ಅಕ್ಕನನ್ನು ನೋಡಿದೊಡನೆ ಆ ಬೆಳಕಿಗೇ ಅವನು ನಾಚಿದ. “ನನ್ನ ಹತ್ರ ಎಂಟಿದ್ವಲ್ಲ ಅಕ್ಕಾ. ಯಾವುದನ್ನ ಹಾಕಿದ್ರೂ ಲಾರಿ ಓಡ್ತಿತ್ತು.”

“ಓಡ್ತಿತ್ತು ಕಣೋ. ನಿನ್ನ ಬ್ಯಾಟರಿಯಲ್ಲಿ ಓಡ್ತಿತ್ತು.”

ಚಪ್ಪಲಿ ಎಲ್ಲಿ ಬಿಟ್ಟೆನೆಂದು ಅವಳು ಹುಡುಕುತ್ತಿದ್ದಾಗ, ಅವನು ಬೆಂದ ಕೈಯಿಂದಲೇ ಎತ್ತಿ ಅವಳ ಕಾಲ ಬಳಿ ಇಟ್ಟ.

ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಉದ್ದೇಶದ ಜಾಗದಲ್ಲಿ ಬರೆದರು: ‘ಹಾನಿ ಮಾಡುವ ಉದ್ದೇಶ ಕಂಡುಬಂದಿಲ್ಲ. ಗಂಡನ ನೆನಪು.’ ಜೀವ ಕೊಡುವ ಕೆಲಸ ಮೇಲಿರುವವನದು, ಚಾರ್ಜರಿನದಲ್ಲ ಎಂದು ಅವರಿಗೆ ಅನ್ನಿಸಿತು. ಅದನ್ನು ಬರೆಯಲಿಲ್ಲ.

ಜಪ್ತಿಪಟ್ಟಿಯನ್ನು ಗಡಿಯಾರ ಬರೆದ. ಆಟದ ಲಾರಿ, ಒಂದು. ಅದರ ಮೇಲೆ ಕಪ್ಪು ದಾರದ ರೀಲು, ಒಂದು, ಬಿಚ್ಚಿಲ್ಲ. ಸಮಯ ಬರೆಯುವ ಜಾಗಕ್ಕೆ ಬಂದಾಗ ಅವನು ಲಾರಿಯನ್ನೇ ನೋಡುತ್ತಾ ನಿಂತ. ಇನ್‌ಸ್ಪೆಕ್ಟರ್ ನೆನಪಿಸಬೇಕಾಯಿತು.