ದಾನದ ಕಪಾಟು

ದೂರಿಗಿಂತ ಮೊದಲು ದೂರುದಾರರ ಶಾಲು ಠಾಣೆಯೊಳಗೆ ಬಂತು. ನವೆಂಬರ್ ಹದಿನಾಲ್ಕು, ಶುಕ್ರವಾರ, ಮಧ್ಯಾಹ್ನ ಹನ್ನೆರಡು ನಲವತ್ತು. ಹೊಸಮಡ್ಡಿಯ ನಿವೃತ್ತ ಪ್ರಾಧ್ಯಾಪಕ ನೀಲಕಂಠರಾಯರು ಸನ್ಮಾನದ ಶಾಲನ್ನು ಹೆಗಲಿಂದ ಇಳಿಸದೆ, ಅರ್ಧ ಉದುರಿದ ಸೇವಂತಿಗೆ ಹಾರದ ಸಮೇತ ಪಿಎಸ್‌ಐ ಸತ್ಯಪ್ಪನ ಎದುರಿನ ಕುರ್ಚಿಯಲ್ಲಿ ಕುಳಿತರು. ಕೂಡ್ರಿ ಎಂದು ಯಾರೂ ಹೇಳಿರಲಿಲ್ಲ.

“ಕಳವಾಗೇದ. ಎಫ್‌ಐಆರ್ ಆಗಲಿಕ್ಕೇ ಬೇಕು.”

“ಏನ ಕಳವಾಗೇತ್ರಿ?”

“ಜ್ಞಾನ.”

ಸತ್ಯಪ್ಪ ಪೆನ್ನು ಕೆಳಗಿಟ್ಟ. ಹದಿನೆಂಟು ವರ್ಷದ ನೌಕರಿಯಲ್ಲಿ ಎತ್ತು, ಪಂಪ್‌ಸೆಟ್, ತಾಳಿ, ಒಮ್ಮೆ ಸ್ಮಶಾನದ ಗೇಟು ಕಳವಾದದ್ದನ್ನೂ ಬರೆದುಕೊಂಡಿದ್ದ. ಜ್ಞಾನದ ತೂಕ ಎಷ್ಟಿತ್ತು ಎಂದು ಕೇಳುವ ಆಸೆಯಾಯಿತು. ನುಂಗಿಕೊಂಡು, ಸಾವಕಾಶ ಹೇಳಿರಿ ಎಂದ.

ರಾಯರು ಹೇಳಿದ್ದರಲ್ಲಿ ತಮ್ಮ ಹೊಗಳಿಕೆಯನ್ನು ಸೋಸಿ ತೆಗೆದರೆ ಉಳಿದದ್ದು ಇಷ್ಟು. ಎರಡು ವರ್ಷದ ಹಿಂದೆ ಅವರು ಊರಿನ ಗ್ರಂಥಾಲಯಕ್ಕೆ ಮುನ್ನೂರ ಹನ್ನೆರಡು ಪುಸ್ತಕ ದಾನ ಮಾಡಿದ್ದರು. ಅವಕ್ಕೆಂದೇ ಗಾಜಿನ ಕಪಾಟು, ಕಪಾಟಿನ ಮೇಲೆ ಅವರ ಹೆಸರಿನ ಹಿತ್ತಾಳೆ ಫಲಕ, ಪ್ರತಿ ಪುಸ್ತಕದ ಮೊದಲ ಪುಟಕ್ಕೆ ‘ಪ್ರೊ. ನೀಲಕಂಠರಾಯರ ಔದಾರ್ಯದಿಂದ’ ಎಂಬ ಅಚ್ಚಿನ ಚೀಟಿ. ಪುಸ್ತಕ ಯಾರಿಗೂ ಎರವಲು ಕೊಡತಕ್ಕದ್ದಲ್ಲ. ಕೀಲಿ ಎರಡು: ಒಂದು ರಾಯರ ಮನೆಯಲ್ಲಿ, ಇನ್ನೊಂದು ಗ್ರಂಥಪಾಲಕಿ ಪೂನಮ್ ಹತ್ತಿರ. ಇವತ್ತು ಗ್ರಂಥಾಲಯ ಸಪ್ತಾಹದ ಉದ್ಘಾಟನೆ. ಮುಖ್ಯ ಅತಿಥಿಗಳು ದೀಪ ಹಚ್ಚಿ, ಎರಡು ಸಾಲು ಓದೋಣವೆಂದು ಆ ಕಪಾಟಿನಿಂದ ಒಂದು ಪುಸ್ತಕ ತರಿಸಿದರು. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: “ಶುಕ್ರವಾರ, ರಾಹುಕಾಲ ಹತ್ತೂವರೆಯಿಂದ ಹನ್ನೆರಡು.” ಆಗ ಗಡಿಯಾರದಲ್ಲಿ ಹನ್ನೊಂದು. ಸಾಲಿಮಕ್ಕಳು ಬಿದ್ದು ಬಿದ್ದು ನಕ್ಕರು. ಹೊದಿಕೆ ಪುಸ್ತಕದ್ದು, ಒಳಗಿದ್ದದ್ದು ಹಳೆಯ ಪಂಚಾಂಗ. ಹುಡುಕಿದರೆ ಅಂಥವು ಮೂವತ್ತೆಂಟು.

“ಯಾರ ಮ್ಯಾಲ ಸಂಶಯ ಐತ್ರಿ?”

“ಸಂಶಯ ಏನು ಬಂತು? ಕೀಲಿ ಆ ಪೂನಮ್ ಹತ್ರ ಇರತದ. ಅಂಥಾ ಕೇರಿಯವರ ಕೈಯಾಗ ಪುಸ್ತಕ ಕೊಟ್ರ ಮತ್ತೇನಾಗ್ತದ? ಪಂಚಾಯ್ತಿ ಅಧ್ಯಕ್ಷ ಪರಪ್ಪಗೂ ಹೇಳೀನಿ. ಮಂಗಳವಾರದ ಸಭಾದಾಗ ಅಕಿನ್ನ ತಗದು ಒಗೀತಾರ.”

ಸತ್ಯಪ್ಪನೂ ಅಂಥದೇ ಕೇರಿಯಲ್ಲಿ ಹುಟ್ಟಿದವನು. ರಾಯರಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೆ ಸಭೆಯ ನಯದ ಭಾಷೆಯಲ್ಲಿ ಮಾತಾಡುತ್ತಿದ್ದರು. ಇಂಥವರನ್ನು ಅವನು ಬಾಲ್ಯದಿಂದಲೂ ಕಂಡಿದ್ದ. ಅವರ ಪುಸ್ತಕಗಳು ಯಾವಾಗಲೂ ಗಾಜಿನ ಹಿಂದೆ ಇರುತ್ತಿದ್ದವು. ಭಾರತೀಯ ನ್ಯಾಯ ಸಂಹಿತೆ ಕಲಂ 305ರ ಅಡಿಯಲ್ಲಿ ಎಫ್‌ಐಆರ್ ದಾಖಲಿಸಿ ಪ್ರತಿ ಕೊಟ್ಟ. ರಾಯರು ಅದನ್ನು ಪ್ರಶಸ್ತಿ ಪತ್ರದಂತೆ ಎರಡೂ ಕೈಯಲ್ಲಿ ಇಸಿದುಕೊಂಡರು.

ಮಧ್ಯಾಹ್ನ ಮೂರಕ್ಕೆ ಸತ್ಯಪ್ಪ, ಹೆಡ್ ಕಾನ್‌ಸ್ಟೇಬಲ್ ಶಟ್ಟೆಪ್ಪ ಮತ್ತು ಮಹಿಳಾ ಕಾನ್‌ಸ್ಟೇಬಲ್ ರೇಣು ಸ್ಥಳ ಪಂಚನಾಮೆಗೆ ಹೋದರು. ಒಂದೇ ಕೋಣೆಯ ಗ್ರಂಥಾಲಯ. ಒಂದು ಮೂಲೆಯಲ್ಲಿ ಮಕ್ಕಳ ಕೇರಂ ಬೋರ್ಡು, ಇನ್ನೊಂದರಲ್ಲಿ ಪಿಂಚಣಿ ಮತ್ತು ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಡುವ ಕಂಪ್ಯೂಟರು. ಗೋಡೆಗೆ ಪೂನಮ್ ಕೈಯಾರೆ ಬರೆದ ವಾರದ ಪಟ್ಟಿ. ಬುಧವಾರ ಮೂರಕ್ಕೆ ‘ಹೆಣ್ಣುಮಕ್ಕಳ ಓದು’. ಜನರ ಕೈ ತಾಗಿ ಎಲ್ಲವೂ ಸವೆದಿದ್ದವು. ಸವೆಯದೆ ಉಳಿದದ್ದು ದಾನದ ಕಪಾಟು ಒಂದೇ.

ಕಪಾಟಿನಲ್ಲಿ ಬೆರಳು ದಪ್ಪ ಧೂಳು. ಪಂಚಾಂಗ ಇದ್ದ ಮೂರನೆಯ ಹಲಗೆ ಮಾತ್ರ ಸ್ವಚ್ಛವಾಗಿತ್ತು.

“ಕಳ್ಳರು ಧೂಳು ಒರಿಸಿ ಹೋಗತಾರೇನ್ರಿ, ಸಾಹೇಬ್ರ?” ಎಂದಳು ರೇಣು.

ಸತ್ಯಪ್ಪ ಪೂನಮ್ ಕಡೆ ತಿರುಗಿದ. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಅತ್ತು ಮುಗಿಸಿ ಮುಖ ತೊಳೆದುಕೊಂಡು ಬಂದಿದ್ದಳು.

“ಈ ಕಪಾಟ ಯಾವಾಗ ತಗೀತೀರಿ?”

“ಸರ್ ಫೋಟೋ ತಗಸಾಕ ಬಂದಾಗ್ರಿ. ವರ್ಷಕ್ಕೊಮ್ಮೆ.”

“ಓದಾಕ ಯಾರೂ ಕೇಳಲಿಲ್ಲ?”

“ಕೇಳಿದ್ರು. ಸರ್ ಬ್ಯಾಡ ಅಂದ್ರು. ಮಂದಿ ಕೈ ಹೊಲಸ ಇರತಾವಂತ.”

“ನೀವು ಇಲ್ಲದಾಗ ಇಲ್ಲಿ ಯಾರ ಇರತಾರು?”

“ಯಾರೂ ಇಲ್ರಿ. ಬುಧವಾರ ಎರಡೂವರಿಗೆ ನಾ ಓಣಿಗೆ ಹೋಗಿ ಹೆಣಮಕ್ಕಳನ್ನ ಕರಕೊಂಡ ಬರತೇನಿ. ಅಷ್ಟೊತ್ತು ಕಮಲಾಬಾಯಾರು ಕುಂತಿರತಾರು. ಸರ್ ಮನಿಯವರು. ನಮಗ ಓದಿ ಹೇಳೂದು ಅವರ.” ಆಮೇಲೆ ದನಿ ಇಳಿಸಿ ಕೇಳಿದಳು: “ಮಂಗಳವಾರ ನನ್ನ ತಗೀತಾರಂತಲ್ರಿ? ನಾ ಹ್ವಾದ್ರ ಬುಧವಾರದ್ದೂ ನಿಂತ ಹೋಗತೈತ್ರಿ.”

ಅದಕ್ಕೆ ಉತ್ತರ ಕೊಡುವ ಅಧಿಕಾರ ಸತ್ಯಪ್ಪನದಾಗಿರಲಿಲ್ಲ, ಪರಪ್ಪನದಾಗಿತ್ತು. ಪರಪ್ಪ ಈ ಕೋಣೆಗೆ ಕಾಲಿಡುತ್ತಿದ್ದದ್ದು ರಿಬ್ಬನ್ ಕತ್ತರಿಸಲು ಮಾತ್ರ.

ಅಷ್ಟರಲ್ಲಿ ರೇಣು ಒಂದು ಪಂಚಾಂಗದ ಪುಟ ತಿರುವಿ ನಿಂತಳು. ಅಂಚಿನಲ್ಲಿ ಪೆನ್ಸಿಲ್ಲಿನ ದುಂಡು ಅಕ್ಷರಗಳಿದ್ದವು. ‘ಇವತ್ತು ಸಿಲಿಂಡರ್ ಹಚ್ಚಿದ್ದು.’ ಮುಂದಿನ ಪುಟದಲ್ಲಿ ‘ಶಾಂಡಗಿ, ಹಪ್ಪಳ ಹಾಕಿದ್ದು.’ ಅದರ ಕೆಳಗೆ ‘ಮಿಲಿಂದಗ ಜ್ವರ.’

“ಮಿಲಿಂದ ಅಂದ್ರ ಯಾರ್ರಿ?”

ಪೂನಮ್ ತಲೆ ತಗ್ಗಿಸಿದಳು. “ಸರ್ ಮಗ. ಪುಣೆದಾಗ ಅದಾರು.”

ಶಟ್ಟೆಪ್ಪನಿಗೆ ನಗು ತಡೆಯಲಾಗಲಿಲ್ಲ. “ಏನ ಪ್ರಾಧ್ಯಾಪಕರೋ ಮಾರಾಯ! ತಮ್ಮ ಮನಿ ಪಂಚಾಂಗ ತಮಗ ಗುರತ ಸಿಗಲಿಲ್ಲೇನು?”

“ಮನಿಯಾಗ ಸಿಲಿಂಡರ್ ಯಾವಾಗ ಮುಗೀತೈತಿ ಅಂತ ಗೊತ್ತಿದ್ದವರಿಗೆ ಗುರತ ಸಿಗತೈತಿ,” ಎಂದ ಸತ್ಯಪ್ಪ.

ಬುಧವಾರದ ಓದಿನ ದಫ್ತರ ತರಿಸಿದರು. ಇಂಥ ದಿನ ಇಷ್ಟು ಓದಿದ್ದು ಎಂದು ಪ್ರತಿ ವಾರ ಕಮಲಾಬಾಯಿ ಬರೆದ ಸಾಲುಗಳು, ಅದೇ ದುಂಡು ಅಕ್ಷರ. ದಫ್ತರ ಮತ್ತು ಪಂಚಾಂಗ ಎರಡನ್ನೂ ಜಪ್ತಿ ಮಾಡಿ ಪಂಚರ ಸಹಿ ಪಡೆಯಲಾಯಿತು. ಸಮಯ ನಾಲ್ಕು ಇಪ್ಪತ್ತು.

ಶನಿವಾರ, ಭಾನುವಾರ ರಾಯರ ಮನೆಗೆ ಬೀಗ. ಬೈಲಹೊಂಗಲದಲ್ಲಿ ಭಾಷಣ, ಸವದತ್ತಿಯಲ್ಲಿ ಇನ್ನೊಂದು, ಹೆಂಡತಿಯನ್ನೂ ಕರೆದೊಯ್ದಿದ್ದರು. ಸೋಮವಾರ ಹನ್ನೊಂದಕ್ಕೆ ಪೊಲೀಸರು ಹೋದಾಗ ರಾಯರು ಪಡಸಾಲೆಯ ಕುರ್ಚಿಯಲ್ಲಿದ್ದರು. ಪೊಲೀಸರಿಗೆ ಕೂಡ್ರಲು ಹೊರಗಿನ ಕಟ್ಟೆ ತೋರಿಸಿದರು.

“ಹಿಡದ್ರೇನು ಅಕಿನ್ನ?”

“ನಿಮ್ಮ ಮನಿಯವರ ಕೂಡ ಮಾತಾಡೂದೈತ್ರಿ.”

“ಅಕೀಗೇನು ತಿಳೀತದ? ಅಡಿಗಿ ಮನಿಯೊಳಗಿನಾಕಿ.”

ಅಡಿಗೆ ಮನೆಯೊಳಗಿನಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಆಗಲೇ ಬಾಗಿಲಿಗೆ ಬಂದಿದ್ದರು. ಅರವತ್ತೆಂಟರ ವಯಸ್ಸು, ಸಣ್ಣ ಮೈಕಟ್ಟು.

“ಬಾಯಾರ, ನಾಳೆ ಪೂನಮ್‌ನ ಕೆಲಸದಿಂದ ತಗೀತಾರು,” ಎಂದ ಸತ್ಯಪ್ಪ. “ಕಳ್ಳಿ ಅಂತ ಠರಾವ್ ಬರದಿಟ್ಟಾರು.”

ಕಮಲಾಬಾಯಿ ಗಂಡನ ಮುಖ ನೋಡಿದರು. “ಆ ಹುಡುಗಿ ಹೆಸರು ಕೊಟ್ಟು ಬಂದೀರಿ? ನನ್ನ ಮುಂದ ಬರೇ ಪೊಲೀಸರು ನೋಡ್ಕೋತಾರ ಅಂದ್ರಿ.”

“ನೀ ಒಳಗ ನಡಿ.”

“ನಡೀತೀನಿ,” ಎಂದವರು ರೇಣುವಿನ ಕಡೆ ತಿರುಗಿದರು. “ನೀನೂ ಬಾರವ್ವ. ಹಾಸಿಗಿ ಪೆಟ್ಟಿಗಿಯೊಳಗ ಅವ. ಮೂವತ್ತೆಂಟೂ ಎಣಿಸಿಕೋ.”

ಪಂಚರನ್ನು ಕರೆಸಿ ಪೆಟ್ಟಿಗೆ ತೆಗೆಸಿದರು. ಪ್ರತಿ ಪುಸ್ತಕವೂ ಹಳೆ ಧೋತರದ ತುಂಡಿನಲ್ಲಿ ಸುತ್ತಿತ್ತು. ಔದಾರ್ಯದ ಚೀಟಿಯನ್ನು ಚಹಾದ ಹಬೆ ಹಿಡಿದು, ಹಾಳೆ ಹರಿಯದಂತೆ ಬಿಡಿಸಲಾಗಿತ್ತು. ಅದರ ಕೆಳಗೆ ಇನ್ನೊಂದು ಚೀಟಿ ಇತ್ತು, ಹಳದಿ ಬಣ್ಣದ್ದು. ರೇಣು ಗಟ್ಟಿಯಾಗಿ ಓದಿದಳು: “ಕುಮಾರಿ ಕಮಲಾ ವಾಸುದೇವ, ಹನ್ನೊಂದನೇ ಇಯತ್ತೆ, ನಿಬಂಧ ಸ್ಪರ್ಧೆ, ಪ್ರಥಮ ಬಹುಮಾನ.” ಮುಂದಿನದರಲ್ಲೂ ಅದೇ ಹೆಸರು. ಅದರ ಮುಂದಿನದರಲ್ಲೂ.

ರಾಯರು ಶಾಲಿಲ್ಲದೆ ಚಿಕ್ಕವರಾಗಿ ಕಂಡರು. “ಇದು ಮನೀ ಮಾತು. ದೂರು ವಾಪಸ್ ತಗೋತೀನಿ.”

“ಎಫ್‌ಐಆರ್ ಆಗೇತ್ರಿ. ಆಗಲಿಕ್ಕೇ ಬೇಕು ಅಂದವರು ನೀವ.”

ಕಮಲಾಬಾಯಿಗೆ ನೋಟೀಸು ಕೊಟ್ಟು ಬಿಡುತ್ತೇನೆ, ಠಾಣೆಗೆ ಬರುವುದು ಬೇಡ ಎಂದು ಸತ್ಯಪ್ಪ ಹೇಳಿ ನೋಡಿದ. ಅವರು ಒಪ್ಪಲಿಲ್ಲ. “ನಿಮ್ಮ ಕಾಗದದಾಗ ಎಲ್ಲಾ ಬರೀತೀರಲ್ಲ? ಬರಸೂದದ ನನಗ. ಹಿಡಕೊಂಡು ನಡೀರಿ.” ಹನ್ನೆರಡು ಇಪ್ಪತ್ತೈದಕ್ಕೆ ರೇಣು ಅವರನ್ನು ದಸ್ತಗಿರಿ ಮಾಡಿದಳು. ಚಪ್ಪಲಿ ಮೆಟ್ಟುವ ಮುಂಚೆ ಕಮಲಾಬಾಯಿ ಒಳಗೆ ಹೋಗಿ ಗ್ಯಾಸ್ ಆರಿಸಿ ಬಂದರು.

ಠಾಣೆಯ ಮೇಜಿನ ಮೇಲೆ ಮೂವತ್ತೆಂಟು ಪುಸ್ತಕ ಇಟ್ಟು, ಮಾಲು ಗುರುತಿಸಲು ದೂರುದಾರರನ್ನು ಕರೆದರು.

“ಇವು ಯಾರ ಪುಸ್ತಕ್ರಿ?”

ರಾಯರು ಹೆಗಲ ಮೇಲಿಲ್ಲದ ಶಾಲಿಗೆ ಕೈ ಹಾಕಿದರು.

“ನಿಮ್ಮವ ಅಂದ್ರ ಬಾಯಾರು ಕಳ್ಳರು. ಅವರವ ಅಂದ್ರ ಮಂದಿ ಸ್ವತ್ತ ದಾನಾ ಮಾಡಿ ನೀವು ಶಾಲು ಹೊತ್ಕೊಂಡೀರಿ. ಯಾವ್ದ ಬರಕೊಳ್ಳಿ?”

ಶಟ್ಟೆಪ್ಪ ಪೆನ್ನಿನ ಟೋಪಿ ತೆಗೆದು ಕಾಯುತ್ತಿದ್ದ. ರಾಯರು ನೆಲ ನೋಡುತ್ತ ಹೇಳಿದರು: “ಅಕೀವು.”

“ಸಹಿ ಮಾಡ್ರಿ.”

ಸಹಿ ಮಾಡಿದರು. ಅದನ್ನೂ ಕೂಡಿಸಿ ಆರೋಪಿಯನ್ನು ಜಾಮೀನಿನ ಮೇಲೆ ಬಿಡಲು ವಿರೋಧವಿಲ್ಲವೆಂದು ನ್ಯಾಯಾಲಯಕ್ಕೆ ವರದಿ ಸಿದ್ಧಪಡಿಸಿದ ಸತ್ಯಪ್ಪ, ರಾಯರ ಹೇಳಿಕೆಯ ಒಂದು ಪ್ರತಿಯನ್ನು ಪರಪ್ಪನಿಗೆ ಕಳಿಸಿದ. ಸಂಜೆಯೊಳಗೆ ಪೂನಮ್ ಮೇಲಿನ ಠರಾವು ಸಭೆಯ ಪಟ್ಟಿಯಿಂದ ಮಾಯವಾಯಿತು. ಕ್ಷಮೆ ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ಕಮಲಾಬಾಯಿ ಕೊಟ್ಟ ಹೇಳಿಕೆ ಒಂದೂವರೆ ಪುಟ. ಎರಡು ವರ್ಷದ ಹಿಂದೆ ಅವರು ಸೊಸೆಯ ಬಾಣಂತನಕ್ಕೆ ಪುಣೆಗೆ ಹೋಗಿದ್ದರು. ತಿರುಗಿ ಬಂದ ಮರುದಿನವೇ ಕಪಾಟಿನ ಉದ್ಘಾಟನೆ. ಮುಂದಿನ ಸಾಲಿನಲ್ಲಿ ದಾನಿಗಳ ಪತ್ನಿ ಎಂದು ಕೂಡ್ರಿಸಿದರು. ಗಾಜಿನೊಳಗೆ ತಮ್ಮ ಪುಸ್ತಕಗಳು ಕಂಡವು.

“ಆವಾಗ ಏನ ಮಾಡಿದ್ರಿ?” ಎಂದು ಕೇಳಿದ್ದ ಸತ್ಯಪ್ಪ.

“ಎಲ್ಲಾರೂ ಚಪ್ಪಾಳಿ ಹೊಡದ್ರು. ನಾನೂ ಹೊಡದೆ.”

ಆಮೇಲೆ ಬುಧವಾರಕ್ಕೊಂದರಂತೆ, ಮನೆಯ ಗೂಟಕ್ಕಿದ್ದ ಕೀಲಿ ಒಯ್ದು, ಪಂಚಾಂಗ ಇಟ್ಟು ಪುಸ್ತಕ ತಂದದ್ದು, ಮೂವತ್ತೆಂಟು ಬುಧವಾರ. ಬಿ.ಎ. ಅರ್ಧಕ್ಕೆ ಬಿಡಿಸಿ ಮದುವೆ ಮಾಡಿದಾಗ ತವರಿನಿಂದ ತಂದದ್ದು ಆ ಪುಸ್ತಕಗಳ ಪೆಟ್ಟಿಗೆ ಒಂದೇ ಎಂದು ಹೇಳಿಕೆಯ ಕೊನೆಯಲ್ಲಿದೆ.

ರೇಣು ಬಂಧನ ಪತ್ರ ತುಂಬುತ್ತಿದ್ದಳು. “ಗಂಡನ ಹೆಸರು ಪೂರ್ತಿ ಹೇಳ್ರಿ, ಬಾಯಾರ.”

“ಅದು ಕಪಾಟಿನ ಮ್ಯಾಲ ಅದ,” ಎಂದರು ಕಮಲಾಬಾಯಿ. “ಇಲ್ಲಿ ಹಳದಿ ಚೀಟಿಯೊಳಗಿನ ಹೆಸರು ಬರಿ.”

ರೇಣು ಸತ್ಯಪ್ಪನ ಮುಖ ನೋಡಿದಳು. ಅವನು ಹೂಂ ಎಂದ. ಅವಳು ‘ಗಂಡ’ ಎಂಬುದನ್ನು ಹೊಡೆದುಹಾಕಿ ‘ಕಮಲಾ, ತಂದೆ ವಾಸುದೇವ’ ಎಂದು ಬರೆದಳು. ಕಮಲಾಬಾಯಿ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿ, ಕೆಳಗೆ ಸಹಿ ಮಾಡಿದರು.